ಫೋಟೋ ಮುಂದಿನ ಚಪ್ಪಲಿ

ಅಮೆರಿಕದ ಸ್ಯಾನ್ ಹೊಸೆಯ ನನ್ನ ಮಗಳ ಮನೆಯ ಗರಾಜಿನಲ್ಲಿ, ಬಟ್ಟೆ ಒಗೆಯುವ ಮಷೀನಿನ ಪಕ್ಕದ ಮೊಳೆಗೆ, ಒಂದು ಹಸಿರು ಬಟ್ಟೆಯ ಚೀಲ ನೇತಾಡುತ್ತಿದೆ. ಗ್ರೋಸರಿ ಅಂಗಡಿಯದು, ಗಟ್ಟಿ ಹಿಡಿಯ ದೊಡ್ಡ ಚೀಲ. ಈಗ ಅದರಲ್ಲಿ ಯಾರೂ ಏನನ್ನೂ ತುಂಬುವುದಿಲ್ಲ, ಎಸೆಯುವುದೂ ಇಲ್ಲ. ಬಟ್ಟೆ ಹಾಕಲು ಹೋದಾಗಲೆಲ್ಲ ಅದು ಕಣ್ಣಿಗೆ ಬೀಳುತ್ತದೆ, ನನ್ನ ಮೈ ಉರಿಯುತ್ತದೆ. ಚೀಲ ಪಾಪದ್ದು, ಅದರ ಮೇಲೆ ಸಿಟ್ಟಿಲ್ಲ. ನಮ್ಮವರ ಫೋನುಗಳಲ್ಲಿ ಇವತ್ತಿಗೂ ಓಡಾಡುತ್ತಿರುವ ಒಂದು ಸುಳ್ಳಿನ ಮೇಲೆ ಸಿಟ್ಟು. ಆ ಸುಳ್ಳು ಹುಟ್ಟಿದಾಗ ನಾನು ಅಲ್ಲೇ ನಿಂತಿದ್ದೆ. ಆದ್ದರಿಂದ ನೋಡಿದ್ದನ್ನು ನೋಡಿದ ಹಾಗೆ ಬರೆಯುತ್ತೇನೆ, ನೀವು ತಾಳ್ಮೆಯಿಂದ ಓದಬೇಕು.

ಅದು ಚಪ್ಪಲಿಯ ಚೀಲ. ಚಪ್ಪಲಿಗೆ ಚೀಲವೇಕೆ ಎಂದು ಕೇಳುವವರು ನಮ್ಮ ಕಡೆಯ ಮದುವೆಗೆ ಹೋದವರಾಗಿರಲಾರರು. ನಾನು ಮಂಡ್ಯದಲ್ಲಿ ಚಿಕ್ಕವಳಾಗಿದ್ದಾಗ ಛತ್ರಕ್ಕೆ ಹೋಗುವುದೆಂದರೆ ಅರ್ಧ ಮನಸ್ಸು ಮುಹೂರ್ತದ ಕಡೆಗೆ, ಅರ್ಧ ಮನಸ್ಸು ಬಾಗಿಲಲ್ಲಿ ಬಿಟ್ಟ ಚಪ್ಪಲಿಯ ಕಡೆಗೆ. ನಮ್ಮ ಸೋದರತ್ತೆ ಬಲಗಾಲಿನದನ್ನು ಒಂದು ಕಂಬದ ಬುಡದಲ್ಲಿ, ಎಡಗಾಲಿನದನ್ನು ಆಚೆ ಮೂಲೆಯಲ್ಲಿ ಬಿಡುತ್ತಿದ್ದಳು. ಕಳ್ಳನಿಗೆ ಜೋಡಿ ಸಿಗಬಾರದೆಂಬುದು ಅವಳ ಲೆಕ್ಕಾಚಾರ. ಊಟ ಮುಗಿಸಿ ಬಂದ ಮೇಲೆ ಎಷ್ಟೋ ಸಲ ಅವಳಿಗೇ ಜೋಡಿ ಸಿಗುತ್ತಿರಲಿಲ್ಲ. ಹಾಗೆ ಉಳಿದ ಒಂದು ಒಂಟಿ ಚಪ್ಪಲಿಯನ್ನು ಅವಳು ಮನೆಯ ಹಿತ್ತಿಲ ಗೂಡಿನಲ್ಲಿ ವರ್ಷಗಟ್ಟಲೆ ಇಟ್ಟುಕೊಂಡಿದ್ದಳು, ಇನ್ನೊಂದು ಎಲ್ಲಿಂದಲೋ ನಡೆದುಕೊಂಡು ಬರುತ್ತದೆ ಎನ್ನುವ ಹಾಗೆ.

ಮನೆಯೊಳಗೆ ಚಪ್ಪಲಿಯ ಕಾನೂನು ಅಜ್ಜಿಯದು. ಹೊಸ್ತಿಲು ದಾಟಬಾರದು. ಮಗುಚಿ ಬೀಳಬಾರದು, ಬಿದ್ದರೆ ಆ ದಿನ ಮನೆಯಲ್ಲಿ ಜಗಳ. ಅಕ್ಕಿಯ ಡಬ್ಬ, ಪುಸ್ತಕ, ದೇವರ ಪಟ, ಹೂವು ಮುಡಿಸಿದ ಯಾವುದೇ ಫೋಟೋ, ಇವುಗಳ ಎದುರಿಗೆ ಇರಲೇಬಾರದು. ಏಕೆಂದು ಅಜ್ಜಿ ಹೇಳಲಿಲ್ಲ, ನಾವೂ ಕೇಳಲಿಲ್ಲ. ಇವತ್ತಿಗೂ ಇಲ್ಲಿನ ಮಾಲಿನಲ್ಲಿ ಶೂ ಅಂಗಡಿಯ ಗಾಜಿನೊಳಗೆ ಶೂಗಳನ್ನು ಎತ್ತರದಲ್ಲಿ ದೀಪ ಹಾಕಿ ಕೂರಿಸಿರುವುದನ್ನು ಕಂಡರೆ ನನಗೆ ಅಜ್ಜಿಯ ನೆನಪಾಗಿ ಸ್ವಲ್ಪ ಹೆದರಿಕೆಯಾಗುತ್ತದೆ.

ಆಮೇಲೆ ನಾನು ಕೋರ್ಟಿನಲ್ಲಿ ಸ್ಟೆನೋ ಆದೆ. ಹಳ್ಳಿಯಿಂದ ಬಂದ ಸಾಕ್ಷಿಗಳು ಕಟಕಟೆ ಹತ್ತುವ ಮುಂಚೆ ಚಪ್ಪಲಿ ಬಿಡುತ್ತಿದ್ದರು. "ಹಾಕ್ಕೊಳ್ರಿ, ಪರವಾಗಿಲ್ಲ" ಎಂದು ಜಡ್ಜ್ ಸಾಹೇಬರು ಹೇಳಿದರೂ ಕೇಳುತ್ತಿರಲಿಲ್ಲ. ಬರಿಗಾಲಲ್ಲಿ ನಿಂತವರೆಲ್ಲ ನಿಜ ಹೇಳುತ್ತಿದ್ದರೆಂದಲ್ಲ. ಆದರೆ ಸಾಕ್ಷಿ ಏನು ಹೇಳಿದನೋ ಅದನ್ನು ಬರೆಯಬೇಕು, ಏನು ಹೇಳಲಿಕ್ಕಿದ್ದನೋ ಅದನ್ನಲ್ಲ ಎಂದು ನನಗೆ ಅಲ್ಲಿ ಅಭ್ಯಾಸವಾಯಿತು. ಮನೆಯಲ್ಲಿ ಈ ಅಭ್ಯಾಸ ಯಾರಿಗೂ ಹಿಡಿಸುವುದಿಲ್ಲ. ಯಾರಾದರೂ ಒಂದು ಮಾತನ್ನು ಸ್ವಲ್ಪ ಬೆಳೆಸಿ ಹೇಳಿದರೆ ನಾನು ಮಧ್ಯೆ ಬಾಯಿ ಹಾಕುತ್ತೇನೆ. "ಅಮ್ಮಾ, ಇದು ವಿಚಾರಣೆ ಅಲ್ಲ, ಊಟ" ಎನ್ನುತ್ತಾಳೆ ಮಗಳು.

ಚೀಲ ಸರೋಜಮ್ಮನವರದು. ಸರೋಜಮ್ಮನವರು ನನ್ನ ಮಗಳ ಅತ್ತೆ, ನನಗೆ ಬೀಗಿತ್ತಿ. ಹಾಸನದವರು. ಸಾಮಾನ್ಯವಾಗಿ ನಾವಿಬ್ಬರೂ ಸರದಿಯ ಮೇಲೆ ಈ ದೇಶಕ್ಕೆ ಬರುತ್ತೇವೆ. ಈ ಸಲ ಅಳಿಯ ಟಿಕೆಟ್ ಮಾಡಿಸುವಾಗ ಏನೋ ಹೆಚ್ಚುಕಡಿಮೆಯಾಗಿ ಇಬ್ಬರೂ ಒಟ್ಟಿಗೆ ಬಂದಿಳಿದೆವು. ಒಂದು ಅಡುಗೆಮನೆ, ಇಬ್ಬರು ಬೀಗಿತ್ತಿಯರು. ಅವರ ಸಾರಿಗೆ ಬೆಲ್ಲ ಬೀಳಬೇಕು, ನನ್ನ ಸಾರಿಗೆ ಬೀಳಬಾರದು. ಸಾರು ಯಾರು ಮಾಡಿದರೂ ಇನ್ನೊಬ್ಬರು "ಬೊಂಬಾಟಾಗಿದೆ" ಎನ್ನಬೇಕು. ಬೀಗರ ನಡುವೆ ಮಾತು ಹೇಗಿರುತ್ತದೆಂದು ನಿಮಗೆ ಗೊತ್ತು. ಒಂದು ಮಾತು ಹೆಚ್ಚಾದರೆ ಅದರ ಬಿಸಿ ತಾಗುವುದು ಮಗಳಿಗೆ. ಈ ಕಥೆಯಲ್ಲಿ ನಾನು ಎಲ್ಲಾದರೂ ತಡವರಿಸಿದರೆ ಕಾರಣ ಇದು.

ಇಲ್ಲಿನ ದೇವಸ್ಥಾನವೊಂದರಲ್ಲಿ ಯಾರೋ ಸರೋಜಮ್ಮನವರ ಹೊಸ ಚಪ್ಪಲಿಯನ್ನು ತಮ್ಮದೆಂದು ಮೆಟ್ಟಿಕೊಂಡು ಹೋದ ಮೇಲೆ ಅವರು ಈ ಹಸಿರು ಚೀಲವನ್ನು ಹಿಡಿದರು. ಎಲ್ಲಿ ಹೋದರೂ ನಮ್ಮ ಗುಂಪಿನವರ ಚಪ್ಪಲಿ, ಶೂಗಳನ್ನೆಲ್ಲ ಅದರಲ್ಲಿ ತುಂಬಿ ಬಾಗಿಲ ಪಕ್ಕದಲ್ಲಿಡುತ್ತಿದ್ದರು. ಯಾರೂ ಹೇಳಬೇಕಾಗಿರಲಿಲ್ಲ. ಅದು ಅವರು ತಾವಾಗಿ ವಹಿಸಿಕೊಂಡ ಸೇವೆ.

ಗುಂಪು ಎಂದರೆ ಪಾರ್ಕಿನಲ್ಲಿ ಬೆಳಿಗ್ಗೆ ಒಟ್ಟಿಗೆ ನಡೆಯುವ ನಮ್ಮಂಥ ಹಿರಿಯರು. ಅದಕ್ಕೆ ಮುಂದಾಳು ಶ್ರೀಕಂಠಯ್ಯನವರು. ಬೆಂಗಳೂರಿನಲ್ಲಿ ಸೂಪರಿಂಟೆಂಡಿಂಗ್ ಎಂಜಿನಿಯರ್ ಆಗಿ ನಿವೃತ್ತರಾದವರು. ಇಲ್ಲಿ ಅವರಿಗೆ ಮೇಲ್ವಿಚಾರಣೆಗೆ ಸೇತುವೆ ಸಿಗಲಿಲ್ಲ, ನಾವು ಸಿಕ್ಕೆವು. ಯಾವ ಕಡೆಯಿಂದ ಸುತ್ತಬೇಕು, ಎಲ್ಲಿ ಕೂರಬೇಕು, ಯಾವ ವಿಷಯ ಮಾತಾಡಬಾರದು, ಎಲ್ಲ ಅವರೇ ನಿರ್ಧರಿಸುತ್ತಾರೆ. ಗುಂಪಿಗೊಂದು ವಾಟ್ಸಾಪೂ ಇದೆ. ಅದರಲ್ಲಿ ನಮ್ಮ ಜೊತೆ ನಡೆಯುವವರಿಗಿಂತ ಎಂದೂ ನಡೆಯದವರೇ ಹೆಚ್ಚು.

ಮ್ಯೂಸಿಯಮ್ಮಿನ ಸುದ್ದಿ ತಂದವಳು ಮೊಮ್ಮಗಳು ಅನಘಾ. ಇಲ್ಲಿಗೆ ಹತ್ತಿರದ ಹೇವರ್ಡಿನ ಯೂನಿವರ್ಸಿಟಿಯಲ್ಲಿ ಓದುತ್ತಾಳೆ, ಫ್ರೆಂಚ್ ಕಲಿಯುತ್ತಾಳೆ. ಒಂದು ಶನಿವಾರ ಚಪಾತಿ ಮುರಿಯುತ್ತ ಹೇಳಿದಳು.

"ಅಜ್ಜಿ, ನಮ್ಮ ಕ್ಯಾಂಪಸ್ ಹತ್ರ ಒಂದು ಮ್ಯೂಸಿಯಮ್ಮಿದೆ. ಲೈಕ್, ಒಬ್ಬರ ಅಪಾರ್ಟ್‌ಮೆಂಟೇ ಮ್ಯೂಸಿಯಮ್ಮು. ಟೂ ರೂಮ್ಸ್, ದಟ್ಸ್ ಇಟ್. ಫೋನ್ ಮಾಡಿದ್ರೆ ಮಾತ್ರ ಬಾಗಿಲು ತೆಗೀತಾರೆ."

"ಯಾರ ಮ್ಯೂಸಿಯಮ್ಮು?"

ಅವಳು ಹೆಸರು ಹೇಳಿದಳು. ಫ್ರಾನ್ಸಿನ ದೊಡ್ಡ ಗಾಯಕಿ, ತೀರಿಕೊಂಡು ಬಹಳ ಕಾಲವಾಯಿತು, ಪ್ರಪಂಚವೇ ಕೇಳಿದ ದನಿ. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬಿಂಕವೇನಿಲ್ಲ, ನನಗೆ ಅದು ಹೇಳಲು ಬರುವುದಿಲ್ಲ. ಅನಘಾ ಎಷ್ಟು ಕಲಿಸಿದರೂ ನನ್ನ ಬಾಯಲ್ಲಿ ಅದು ಯಾವುದೋ ಮಾತ್ರೆಯ ಹೆಸರಾಗುತ್ತದೆ. ಫ್ರಾನ್ಸಿನವರಿಗೆ ನೋವಾಗಬಾರದೆಂದು 'ಆಕೆ' ಎಂದೇ ಬರೆಯುತ್ತೇನೆ.

ಮ್ಯೂಸಿಯಮ್ಮಿನ ಯಜಮಾನರು ಲೂಸಿಯಾನ್ ಎಂಬ ವೃದ್ಧರು. ಅವರ ತಾಯಿ ಆಕೆಗೆ ವೇದಿಕೆಯ ಹಿಂದೆ ಉಡುಪು ತೊಡಿಸುವ ಕೆಲಸದಲ್ಲಿದ್ದವರಂತೆ. ಆಕೆ ಕೊಟ್ಟದ್ದು, ಬಿಟ್ಟದ್ದು, ಬೇಡವೆಂದದ್ದು ಎಲ್ಲವನ್ನೂ ಆ ತಾಯಿ ಜೋಪಾನ ಮಾಡಿದ್ದರು. ಮಗ ಅದನ್ನೆಲ್ಲ ಹಡಗಿನಲ್ಲಿ ಇಲ್ಲಿಗೆ ತಂದಿದ್ದರು. ಅವರು ಗುಂಪುಗಳನ್ನು ಒಳಗೆ ಬಿಡುವವರಲ್ಲ. ಅನಘಾ ಕ್ಲಾಸಿಗಾಗಿ ಒಬ್ಬಳೇ ಹೋಗಿ ನೋಡಿ ಬಂದಿದ್ದಳು, ಆಮೇಲೆ "ನಮ್ಮ ಅಜ್ಜಿಯರೂ ಅವರ ಫ್ರೆಂಡ್ಸೂ ಸಂಗೀತ ಕೇಳಿ ಬೆಳೆದವರು" ಎಂದು ಬಾಯಿ ತುಂಬ ಹೇಳಿ ಒಪ್ಪಿಸಿದ್ದಳು. ನೆನಪಿಡಿ, ಆ ಬಾಗಿಲು ತೆರೆದದ್ದು ಅವಳ ಮಾತಿನ ಮೇಲೆ.

ನಾವು ಆರು ಜನ ಹೋದೆವು. ಅನಘಾ, ಸರೋಜಮ್ಮ, ನಾನು, ಶ್ರೀಕಂಠಯ್ಯನವರು, ಗುಂಪಿನ ಒಂದು ದಂಪತಿ. ಮಗಳ ವ್ಯಾನನ್ನು ಅನಘಾ ಓಡಿಸಿದಳು. ಗೋದಾಮುಗಳ ಬೀದಿ. ಕೆಳಗೆ ಟೈಲ್ಸ್ ಮಳಿಗೆ, ಪಕ್ಕದಲ್ಲಿ ಕಬ್ಬಿಣದ ಮೆಟ್ಟಿಲು, ಮೇಲೆ ಉದ್ದನೆಯ ಓಣಿ, ಓಣಿಯ ಕೊನೆಗೆ ಬಾಗಿಲು. ಬೋರ್ಡಿಲ್ಲ.

"ಇದೇನ್ರೀ, ಮ್ಯೂಸಿಯಮ್ಮಂದ್ರೆ ಆನೆ ದಂತಾನಾದ್ರೂ ಇರ್ಬೇಡ್ವಾ?" ಎಂದರು ಶ್ರೀಕಂಠಯ್ಯನವರು.

ಬಾಗಿಲು ತೆರೆಯಿತು. ತೆಳ್ಳನೆಯ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಎಲ್ಲರೂ ಓಣಿಯಲ್ಲೇ ಚಪ್ಪಲಿ ಬಿಟ್ಟೆವು. ಅವರು ಬೇಡವೆಂದರೂ ಬಿಟ್ಟೆವು.

ಈಗ ನಾನು ನೋಡಿದ್ದು ಇಷ್ಟು. ಮೊದಲ ಕೋಣೆ ಮಬ್ಬಾಗಿತ್ತು. ಎದುರು ಗೋಡೆಯಲ್ಲಿ ಆಕೆಯ ದೊಡ್ಡ ಫೋಟೋ, ಕಪ್ಪು ಬಿಳುಪಿನದು, ಕಣ್ಣು ಮುಚ್ಚಿ ಹಾಡುತ್ತಿರುವುದು. ಫೋಟೋ ಕೆಳಗೆ ಗೋಡೆಗೆ ಹೊಡೆದ ಸಣ್ಣ ಹಲಗೆ, ಅದರ ಮೇಲೆ ಒಂದು ಲೋಟದಲ್ಲಿ ನೇರಳೆ ಹೂವು, ಮೇಣದ ಬತ್ತಿಯ ಆಕಾರದ ದೀಪ. ಹಲಗೆಯ ಕೆಳಗೆ ನೆಲದ ಮೇಲೆ ಏನಿತ್ತೆಂದು ನಾನು ನೋಡಲಿಲ್ಲ. ಲೂಸಿಯಾನ್ ನಮ್ಮನ್ನು ಅಲ್ಲಿ ನಿಲ್ಲಿಸದೆ ನೇರವಾಗಿ ಒಳಕೋಣೆಗೆ ಕರೆದುಕೊಂಡು ಹೋದರು. ಅದು ಅವರ ಕ್ರಮವಂತೆ, ಮೊದಲು ಒಳಕೋಣೆ, ಕಡೆಗೆ ಹೊರಕೋಣೆ. ಸರೋಜಮ್ಮನವರು ನಮ್ಮ ಹಿಂದೆ ಬರುವುದು ಸ್ವಲ್ಪ ತಡವಾಯಿತು. ಚಪ್ಪಲಿ ಚೀಲಕ್ಕೆ ತುಂಬುತ್ತಿದ್ದಾರೆಂದು ನಾನು ತಿಳಿದೆ.

ಒಳಕೋಣೆಯಲ್ಲಿ ಆಕೆಯ ಕಪ್ಪು ಉಡುಪಿತ್ತು. ನೇತುಹಾಕಿರಲಿಲ್ಲ, ಮಲಗಿದ ಮಗುವಿನ ಹಾಗೆ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಒಂದು ಬಾಚಣಿಗೆ, ಪೌಡರ್ ಡಬ್ಬಿ, ಗೋಡೆ ತುಂಬ ರೆಕಾರ್ಡುಗಳು. ಲೂಸಿಯಾನ್ ಒಂದು ರೆಕಾರ್ಡ್ ತೆಗೆದು, ಉಸಿರು ಬಿಗಿಹಿಡಿದು ಮುಳ್ಳು ಇಳಿಸಿದರು.

ಆ ಹಾಡಿನ ಬಗ್ಗೆ ಹೆಚ್ಚು ಹೇಳಲಾರೆ. ಒಂದು ಪದವೂ ಅರ್ಥವಾಗಲಿಲ್ಲ. ನಮ್ಮ ತಂದೆ ರೇಡಿಯೋದ ಕಿವಿ ತಿರುಗಿಸುತ್ತ ಬೆಂಗಳೂರು ಕೇಂದ್ರ ಹುಡುಕುವಾಗ ನಡುವೆ ಎಲ್ಲಿಂದಲೋ ಒಂದು ಪರದೇಶದ ಹೆಂಗಸಿನ ದನಿ ಬಂದು ಹೋಗುತ್ತಿತ್ತು. ನಾನು "ಅಪ್ಪಾ, ಇರಲಿ" ಎನ್ನುವಷ್ಟರಲ್ಲಿ ಮುಳ್ಳು ಮುಂದೆ ಹೋಗಿ ಕೃಷಿರಂಗ ಬಂದಿರುತ್ತಿತ್ತು. ಅದು ಆಕೆಯೋ ಬೇರೆಯವರೋ ಪ್ರಮಾಣ ಮಾಡಿ ಹೇಳಲಾರೆ. ಆದರೆ ಅಂದು ಅರ್ಧಕ್ಕೆ ನಿಂತದ್ದು ಹೇವರ್ಡಿನಲ್ಲಿ ಪೂರ್ತಿಯಾದ ಹಾಗೆ ಅನ್ನಿಸಿತು. ಸರೋಜಮ್ಮನವರು ಸೆರಗಿನಿಂದ ಕಣ್ಣು ಒರೆಸಿಕೊಂಡರು. "ಯಾರನ್ನೋ ಕಳ್ಕಂಡವ್ಳ ಥರ ಹಾಡ್ತಾಳೆ ಕಣ್ರೀ" ಎಂದು ನನ್ನ ಕಿವಿಯಲ್ಲಿ ಹೇಳಿದರು. ಶ್ರೀಕಂಠಯ್ಯನವರೂ ಸುಮ್ಮನಿದ್ದರು. ಇದನ್ನು ಬರೆಯದಿದ್ದರೆ ಅವರಿಗೆ ಅನ್ಯಾಯವಾಗುತ್ತದೆ.

ಹಾಡು ಮುಗಿದ ಮೇಲೆ ಲೂಸಿಯಾನ್ ನಮ್ಮನ್ನು ಹೊರಕೋಣೆಗೆ ಕರೆತಂದರು. ನಡೆಯುತ್ತ ಇಂಗ್ಲಿಷಿನಲ್ಲಿ ಹೇಳಿದರು: "ಮೊದಲು ದನಿ ಕೇಳಬೇಕು. ಆಮೇಲೆ ಅಷ್ಟು ದೊಡ್ಡ ದನಿ ಎಷ್ಟು ಸಣ್ಣ ಜಾಗದ ಮೇಲೆ ನಿಂತಿತ್ತು ಎಂದು ನೋಡಬೇಕು." ಹಾಗೆನ್ನುತ್ತ ಗೋಡೆಯ ಒಂದು ಸ್ವಿಚ್ಚು ಒತ್ತಿದರು. ಫೋಟೋದ ಕೆಳಗೆ, ನೆಲದ ಮೇಲೆ, ಬೆಳಕಿನ ಒಂದು ವೃತ್ತ ಬಿತ್ತು. ವೃತ್ತದಲ್ಲಿ ಮಡಿಸಿದ ಕಪ್ಪು ಬಟ್ಟೆ. ಬಟ್ಟೆಯ ಮೇಲೆ ಏನೂ ಇರಲಿಲ್ಲ.

ಅವರ ಕೈ ಸ್ವಿಚ್ಚಿನ ಮೇಲೇ ಇತ್ತು. "ಶೂಗಳು," ಎಂದರು. "ಶೂಗಳು ಎಲ್ಲಿ?"

ಶ್ರೀಕಂಠಯ್ಯನವರು ನಗುತ್ತ ಮುಂದೆ ಬಂದರು. "ಔಟ್‌ಸೈಡ್, ಸರ್! ಆಲ್ ಔಟ್‌ಸೈಡ್. ನಾವು ಇಂಡಿಯನ್ಸ್, ಶೂಸ್ ಹಾಕ್ಕೊಂಡು ಒಳಗೆ ಬರಲ್ಲ."

"ಇಲ್ಲ, ಆಕೆಯ ಶೂಗಳು. ಇಲ್ಲಿದ್ದವು." ಲೂಸಿಯಾನ್ ಮಂಡಿಯೂರಿ ಕಪ್ಪು ಬಟ್ಟೆಯನ್ನು ಎತ್ತಿ ನೋಡಿದರು, ಅಷ್ಟು ತೆಳುವಾದ ಬಟ್ಟೆಯ ಕೆಳಗೆ ಒಂದು ಜೊತೆ ಶೂ ಅಡಗಿರಬಹುದು ಎನ್ನುವ ಹಾಗೆ. ಎದ್ದು ನಿಂತರು. ಆಮೇಲೆ ಅವರು ಹೇಳಿದ ಮಾತು ಇದು, ಅಕ್ಷರಶಃ ಇದು: "ದಯವಿಟ್ಟು, ಎಲ್ಲರೂ ನಿಮ್ಮ ನಿಮ್ಮ ಚೀಲದಲ್ಲಿ ಒಮ್ಮೆ ನೋಡಿಕೊಳ್ಳುತ್ತೀರಾ? ಅಕಸ್ಮಾತ್ ಬಂದಿರಬಹುದು." ತೋರಿಸಿ ಎನ್ನಲಿಲ್ಲ. ಅಕಸ್ಮಾತ್ ಎಂದರು. ಕದ್ದಿದ್ದೀರಿ ಎನ್ನುವ ಪದವಾಗಲಿ ಅದರ ನೆರಳಾಗಲಿ ಅವರ ಬಾಯಲ್ಲಿ ಬರಲಿಲ್ಲ.

"ವಾಟ್ ಡು ಯು ಮೀನ್?" ಶ್ರೀಕಂಠಯ್ಯನವರ ದನಿ ಏರಿತು. "ನಮ್ಮನ್ನ ಕಳ್ಳರು ಅಂತೀರಾ? ಡು ಯು ನೋ ಹೂ ಐ ಆ್ಯಮ್? ನನ್ನ ಕೈ ಕೆಳಗೆ ಇನ್ನೂರು ಜನ ಕೆಲಸ ಮಾಡ್ತಿದ್ರು!"

"ತಾತಾ, ಅವರು ಹಾಗಂದಿಲ್ಲ. ಹಿ ಡಿಡಂಟ್ ಸೇ ದಟ್," ಎಂದಳು ಅನಘಾ.

"ನೀನು ಸುಮ್ನಿರಮ್ಮಾ. ಇಂಥ ಕಡೆ ಕರ್ಕೊಂಡ್ ಬಂದಿದ್ದೇ ತಪ್ಪು. ಹಳೇ ಮೆಟ್ಟು ಯಾವನಿಗೆ ಬೇಕ್ರೀ? ನಡೀರಿ, ಎಲ್ಲ ನಡೀರಿ."

ಸರೋಜಮ್ಮನವರಿಗೆ ಇಂಗ್ಲಿಷ್ ಅಷ್ಟಾಗಿ ಬಾರದು. ಅವರು ಗಾಬರಿಯಾಗಿ ತಮ್ಮ ಕೈಚೀಲ ಬಿಚ್ಚಿ, ಕನ್ನಡಕದ ಡಬ್ಬಿ, ಕರ್ಚೀಫು, ಶುಂಠಿ ಪೆಪ್ಪರಮೆಂಟು ಎಲ್ಲ ಹೊರಗೆ ತೆಗೆದು ಲೂಸಿಯಾನರಿಗೆ ತೋರಿಸಿದರು. "ಏನ್ ಕಳ್ದೋಯ್ತಂತೆ ಆಯಪ್ಪಂದು?" ಎಂದು ನನ್ನನ್ನು ಕೇಳುತ್ತಿದ್ದಾಗಲೇ ಆ ದಂಪತಿ ಅವರ ತೋಳು ಹಿಡಿದು ಎಳೆದುಕೊಂಡು ಹೋದರು. ಓಣಿಯಲ್ಲಿದ್ದ ಹಸಿರು ಚೀಲವನ್ನು ಶ್ರೀಕಂಠಯ್ಯನವರೇ ಎತ್ತಿಕೊಂಡರು. ಕಾಲುಚೀಲದಲ್ಲೇ ಕಬ್ಬಿಣದ ಮೆಟ್ಟಿಲಿಳಿದರು. ಪಾರ್ಕಿಂಗಿನಲ್ಲಿ ಚೀಲಕ್ಕೆ ಕೈ ಹಾಕಿ ಒಬ್ಬೊಬ್ಬರದನ್ನೇ ನೆಲಕ್ಕೆ ಎಸೆದರು, ನಾವು ಮೆಟ್ಟಿಕೊಂಡೆವು. ಅವರು ಚೀಲದೊಳಗೆ ನೋಡದೆ ಅದನ್ನು ಹಾಗೇ ವ್ಯಾನಿನ ಡಿಕ್ಕಿಗೆ ತುರುಕಿದರು. ಅನಘಾ ಎಲ್ಲರಿಗಿಂತ ಕೊನೆಗೆ ಬಂದಳು. ದಾರಿಯುದ್ದಕ್ಕೂ ಫ್ರೀವೇ ಬಿಟ್ಟು ಬೇರೇನನ್ನೂ ನೋಡಲಿಲ್ಲ.

ಸಂಜೆಯೊಳಗೆ ವಾಟ್ಸಾಪ್ ಗುಂಪಿನಲ್ಲಿ ಶ್ರೀಕಂಠಯ್ಯನವರ ಸಂದೇಶ ಬಂತು. ಹೇವರ್ಡಿನ ಒಂದು ನಕಲಿ ಮ್ಯೂಸಿಯಮ್ಮಿನಲ್ಲಿ ಭಾರತೀಯ ಹಿರಿಯ ನಾಗರಿಕರನ್ನು ಕಳ್ಳರೆಂದು ಕರೆದು, ಹೆಂಗಸರ ಚೀಲಗಳನ್ನು ಸುರಿಸಿ ತಪಾಸಣೆ ಮಾಡಲಾಯಿತು, ಯಾರೂ ಹೋಗಬೇಡಿ, ಎಲ್ಲರಿಗೂ ಕಳುಹಿಸಿ. ಇಷ್ಟೇ. 'ಚೀಲ ಸುರಿಸಿ'! ಸರೋಜಮ್ಮನವರ ಪೆಪ್ಪರಮೆಂಟು ಹಾಗೆ ಬೆಳೆದಿತ್ತು. ನಾನು ಕೂತು, ಕನ್ನಡಕ ಹಾಕಿ, ನಿಧಾನವಾಗಿ ಟೈಪ್ ಮಾಡಿದೆ: 'ನಾನು ಅಲ್ಲಿದ್ದೆ. ಅವರು ಹಾಗೆ ಹೇಳಲಿಲ್ಲ. ನೋಡಿಕೊಳ್ಳುತ್ತೀರಾ ಎಂದು ಕೇಳಿದರು.' ಅದರ ಕೆಳಗೆ ಯಾರೋ ಒಬ್ಬರು, 'ಮೇಡಂ ತುಂಬ ಸಾಫ್ಟ್' ಎಂದು ಬರೆದರು. ಮಾರ್ಗನ್ ಹಿಲ್ ಎಂಬ ಊರಿನಿಂದ ಒಬ್ಬರು, ನಾನು ಅವರನ್ನು ನೋಡಿಯೂ ಇಲ್ಲ, 'ಪಾಠ ಕಲಿಸೋಣ' ಎಂದರು. ಇಂಟರ್ನೆಟ್ಟಿನಲ್ಲಿ ಆ ಮ್ಯೂಸಿಯಮ್ಮಿನ ಹೆಸರಿನ ಕೆಳಗೆ ಐದರಲ್ಲಿ ಒಂದೇ ನಕ್ಷತ್ರ ಕೊಟ್ಟ ಬೈಗುಳದ ಬರಹಗಳು ಬೀಳತೊಡಗಿದವು. ಬರೆದವರಲ್ಲಿ ಒಬ್ಬರೂ ಆ ಕಬ್ಬಿಣದ ಮೆಟ್ಟಿಲು ಹತ್ತಿದವರಲ್ಲ. ಆ ಹಾಡು ಕೇಳಿದವರಲ್ಲ. ನನಗೆ ತಡೆಯಲಾಗದ್ದು ಇದು. ಸುಳ್ಳು ಸಾಕ್ಷಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಬರೆದುಕೊಂಡಿದ್ದೇನೆ. ಆದರೆ ಅವರೂ ಕೋರ್ಟಿಗೆ ಬಂದು ನಿಲ್ಲುತ್ತಿದ್ದರು, ಮುಖ ತೋರಿಸುತ್ತಿದ್ದರು. ಇಲ್ಲಿ ಸೋಫಾ ಮೇಲೆ ಕೂತು, ಕಾಫಿ ಕುಡಿಯುತ್ತ, ಒಂದು ಬೆರಳಿನಲ್ಲಿ ಒಬ್ಬ ಮನುಷ್ಯನ ಬದುಕಿನ ಕೆಲಸದ ಮೇಲೆ ಉಗುಳುತ್ತಾರೆ, ಆ ಬೆರಳನ್ನೂ ತೊಳೆದುಕೊಳ್ಳುವುದಿಲ್ಲ.

ಮರುದಿನ ಲೂಸಿಯಾನ್ ಅನಘಾಗೆ ಫೋನ್ ಮಾಡಿದ್ದರು. ಬೈಯಲಿಲ್ಲವಂತೆ. ಇನ್ನು ಬಾಗಿಲು ತೆಗೆಯುವುದಿಲ್ಲ ಎಂದರಂತೆ. "ಶೂಗಳಿಲ್ಲದೆ ಕೊನೆಗೆ ಏನು ತೋರಿಸಲಿ? ಅಮ್ಮ ಆಕೆಯ ಕಾಲಿಂದ ತಾನೇ ಬಿಚ್ಚಿದ್ದು." ಇದನ್ನು ನನಗೆ ಹೇಳುವಾಗ ಅನಘಾ ಅತ್ತಳು. "ಅಜ್ಜಿ, ಹಿ ಟ್ರಸ್ಟೆಡ್ ಮಿ. ನಾನು ಪ್ರಾಮಿಸ್ ಮಾಡಿದ್ದೆ."

ಎರಡು ಮೂರು ದಿನ ಕಳೆದಿರಬೇಕು. ಬೆಳಿಗ್ಗೆ ನಾನು ಅವರೆಕಾಯಿ ಸುಲಿಯುತ್ತಿದ್ದೆ. ಸರೋಜಮ್ಮನವರು ಹಸಿರು ಚೀಲವನ್ನು ಒಗೆಯಬೇಕೆಂದು ವ್ಯಾನಿನಿಂದ ತೆಗೆಯಲು ಗರಾಜಿಗೆ ಹೋದವರು ಬಹಳ ಹೊತ್ತು ಬರಲಿಲ್ಲ. ಬಂದಾಗ ಚೀಲದ ಬಾಯಿ ಅಗಲಿಸಿ ನನ್ನ ಮುಂದೆ ಹಿಡಿದರು. ಚೀಲದ ತಳದಲ್ಲಿ ಒಂದು ಜೊತೆ ಕಪ್ಪು ಶೂ. ನನ್ನ ಗೇಣಿನಷ್ಟಿದ್ದವು. ಮಗುವಿನದೆಂದರೆ ನಂಬಬೇಕು. ಹಿಮ್ಮಡಿಯ ಚರ್ಮ ಸವೆದು ಬೆಳ್ಳಗಾಗಿತ್ತು.

"ಪದ್ಮಾವತಮ್ಮಾ," ಎಂದರು. "ಇದೇನಾ ಆಯಪ್ಪ ಹುಡುಕ್ತಿದ್ದುದ್ದು?"

"ಇದು ಚೀಲಕ್ಕೆ ಹೇಗೆ ಬಂತು?"

"ನಾನೇ ಕಣ್ರೀ ಹಾಕಿದ್ದು. ಒಳಗ್ ಬರ್ತೀನಿ, ಫೋಟೋ ಐತೆ, ಹೂವು ಐತೆ, ದೀಪ ಐತೆ, ಮುಂದೆ ಮೆಟ್ಟು! ಯಾರೋ ನಮ್ಮೋರೇ ಮರ್ತು ಒಳಗ್ ಬಿಟ್ಟವ್ರೆ ಅಂದ್ಕಂಡೆ. ಆಯಪ್ಪ ನೋಡುದ್ರೆ ನಮ್ಮನ್ನ ಏನಂದಾನು? ಅದಕ್ಕೇ ಎತ್ತಿ ಚೀಲದಾಗ್ ಹಾಕ್ದೆ." ಕುರ್ಚಿ ಎಳೆದುಕೊಂಡು ಕೂತರು. "ಇದು ಪಾದುಕೆ ಅಂತ ಮೊದ್ಲೇ ಒಬ್ರು ಹೇಳ್ಬಾರ್ದಿತ್ತಾ? ಮಠದಿಂದ ಗುರುಗಳ ಪಾದುಕೆ ಬಂದ್ರೆ ಮಣೆ ಹಾಕಿ ನಾವೇ ಇಡಲ್ವಾ? ಪಾದುಕೆ ಅಂದಿದ್ರೆ ನಾನ್ ಮುಟ್ತಿದ್ನಾ? ನಾನು ಶೂ ಅಂದ್ಕಂಡೆ!"

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೇವರ್ಡಿನ ಆ ಮನುಷ್ಯ ಕೂಡ ಸರೋಜಮ್ಮನವರ ಹಾಗೆಯೇ ಯೋಚಿಸಿದ್ದ: ಇವು ಎಲ್ಲೆಂದರಲ್ಲಿ ಬಿಡುವ ವಸ್ತುವಲ್ಲ. ಇಬ್ಬರೂ ಅದೇ ಫೋಟೋದ ಮರ್ಯಾದೆಗಾಗಿ ಅದೇ ಶೂಗಳನ್ನು ಮುಟ್ಟಿದ್ದರು. ಒಬ್ಬರು ಒಳಗೆ ಇಟ್ಟರು, ಒಬ್ಬರು ಹೊರಗೆ ಹಾಕಿದರು.

ನಾನು ಶ್ರೀಕಂಠಯ್ಯನವರಿಗೆ ಫೋನ್ ಮಾಡಿದೆ. ಮಾಡಬಾರದಾಗಿತ್ತೇನೋ, ಆದರೆ ಸಂದೇಶ ಅವರದು, ತಿದ್ದಬೇಕಾದವರು ಅವರು ಎಂದುಕೊಂಡೆ. ಸರೋಜಮ್ಮನವರಿಗೂ ಕೇಳಲಿ ಎಂದು ಸ್ಪೀಕರಿನಲ್ಲಿ ಹಾಕಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡರು.

"ಓಹೋ. ಹಾಗಾ. ಸರಿ ಮೇಡಂ, ಒಂದು ಕೆಲಸ ಮಾಡಿ. ಒಂದು ಬಾಕ್ಸಲ್ಲಿ ಹಾಕಿ ಕೊರಿಯರ್ ಮಾಡ್ಬಿಡಿ. ನಿಮ್ಮ ಅಡ್ರೆಸ್ಸು, ಹೆಸರು ಏನೂ ಬೇಡ. ಸಿಗತ್ತೆ, ಖುಷಿಪಡ್ತಾರೆ, ಮುಗೀತು."

"ಮತ್ತೆ ಗುಂಪಿನಲ್ಲಿ ನೀವು ಬರೆದದ್ದು?"

"ಅದನ್ನ ಈಗ ಯಾಕೆ ಕೆದಕ್ತೀರ? ಅಷ್ಟು ಜನ ಸಪೋರ್ಟ್ ಮಾಡಿದಾರೆ. ಈಗ ನಾವೇ ತಗೊಂಡ್ ಹೋಗಿದ್ವಿ ಅಂದ್ರೆ ನಮ್ಮವರ ಮರ್ಯಾದೆ ಏನಾಗತ್ತೆ? ನಿಮ್ಮ ಬೀಗಿತ್ತಿ ಮರ್ಯಾದೆನೂ ಯೋಚನೆ ಮಾಡಿ. ನಾನು ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು."

ಚೀಲವನ್ನು ಹೊತ್ತುಕೊಂಡು ಮೆಟ್ಟಿಲಿಳಿದ ಕೈ ಯಾರದು, ಸ್ವಾಮೀ? ಆ ಶೂಗಳನ್ನು ಬೆರಳಿನಿಂದ ಆಚೆ ತಳ್ಳಿ ನಿಮ್ಮ ಶೂ ಹುಡುಕಿಕೊಂಡದ್ದು ಯಾರು? ನನ್ನ ನಾಲಗೆಯ ತುದಿಗೆ ಬಂದಿತ್ತು. ಅದರ ಮೇಲೆ ಆ ಮರ್ಯಾದೆ ಎನ್ನುವ ಪದ. ಒಬ್ಬ ಮುದುಕನನ್ನು ಊರ ಮುಂದೆ ಸುಳ್ಳುಗಾರನನ್ನಾಗಿ ಮಾಡಿ ಉಳಿಸಿಕೊಳ್ಳುವ ವಸ್ತುವಿಗೆ ಮರ್ಯಾದೆ ಎಂದು ಯಾವಾಗಿನಿಂದ ಹೆಸರಾಯಿತು? ಆದರೆ ಎದುರಿಗೆ ಕೂತಿದ್ದವರು ನನ್ನ ಬೀಗಿತ್ತಿ. ಅವರ ಪರವಾಗಿ ನಾನು ಹೂಂ ಎನ್ನುವಂತಿರಲಿಲ್ಲ, ಊಹೂಂ ಎನ್ನುವಂತೆಯೂ ಇರಲಿಲ್ಲ.

ಸರೋಜಮ್ಮನವರು 'ಕೊಡಿ' ಎಂದು ಕೈ ಚಾಚಿ ಫೋನ್ ತೆಗೆದುಕೊಂಡರು.

"ಶ್ರೀಕಂಠಯ್ಯನೋರೇ, ಹೆಸರಿಲ್ದಂಗೆ ಕಳ್ಸೋರು ಕದ್ದೋರು. ನಾನು ಕದ್ದಿಲ್ಲ." ಫೋನನ್ನು ನನಗೆ ವಾಪಸು ಕೊಟ್ಟರು. ಅದನ್ನು ಕಟ್ ಮಾಡುವುದು ಅವರಿಗೆ ಬರುವುದಿಲ್ಲ, ನಾನು ಮಾಡಿದೆ.

ಆಮೇಲೆ, "ಅದೇನೋ ಗುಂಪಲ್ಲಿ ಬಾಯಲ್ಲಿ ಹೇಳದು ಐತಲ್ಲ, ಅದನ್ನ ಒತ್ತಿ ಕೊಡಿ" ಎಂದರು. ಒತ್ತಿ ಹಿಡಿದೆ. ಅವರು ಫೋನಿನೊಳಗೆ, ಬಾವಿಗೆ ಕೂಗುವ ಹಾಗೆ, ಕೂಗಿದರು: "ನಾನು ಸರೋಜಮ್ಮ ಮಾತಾಡ್ತಿರದು. ಚಪ್ಪಲಿ ನಾನೇ ತೆಗ್ದಿದ್ದು, ಫೋಟೋ ಮುಂದೆ ಇದ್ವು ಅಂತ. ಆಯಪ್ಪ ಯಾರನ್ನೂ ಕಳ್ರು ಅನ್ಲಿಲ್ಲ. ನನ್ ಚೀಲ ಯಾರೂ ಸುರಿಸ್ಲಿಲ್ಲ, ನಾನೇ ತೆಗ್ದು ತೋರ್ಸ್ದೆ. ಬರ್ದಿರೋರು ಅಳ್ಸಿ." ಒಬ್ಬರು ಕೈಮುಗಿದ ಚಿತ್ರ ಹಾಕಿದರು. ಆಮೇಲೆ ಶ್ರೀಕಂಠಯ್ಯನವರು ಸೂರ್ಯಕಾಂತಿ ಹೂವಿನ ಮೇಲೆ ಶುಭೋದಯ ಎಂದು ಬರೆದ ಚಿತ್ರ ಹಾಕಿದರು. ಅದರ ಕೆಳಗೆ ಹತ್ತಾರು ಶುಭೋದಯಗಳು ಬಂದವು, ಸರೋಜಮ್ಮನವರ ದನಿ ಮೇಲೆ ಸರಿದು ಕಾಣದಾಯಿತು. ಮ್ಯೂಸಿಯಮ್ಮಿನ ಹೆಸರಿನ ಕೆಳಗೆ ಆ ಒಂದು ನಕ್ಷತ್ರದ ಬರಹಗಳು ಇವತ್ತಿಗೂ ಇವೆ.

ಆ ಶನಿವಾರ ಅನಘಾ ನಮ್ಮಿಬ್ಬರನ್ನೂ ಹೇವರ್ಡಿಗೆ ಕರೆದುಕೊಂಡು ಹೋದಳು. ಶೂಗಳನ್ನು ಚೀಲದಲ್ಲಿಡಲು ಸರೋಜಮ್ಮನವರು ಒಪ್ಪಲಿಲ್ಲ. ತಮ್ಮ ಹೊಸ ರವಿಕೆ ಕಣದ ಮೇಲೆ ಇಟ್ಟು, ಎರಡು ಕೈಯಲ್ಲೂ ಹಿಡಿದು, ತಾಂಬೂಲದ ತಟ್ಟೆಯಂತೆ ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಬ್ರೇಕ್ ಹಾಕಿದಾಗಲೆಲ್ಲ "ನಿಧಾನ ಕಣಮ್ಮೀ" ಎನ್ನುತ್ತಿದ್ದರು.

ಲೂಸಿಯಾನ್ ಬಾಗಿಲು ತೆರೆದರು. ಮೊದಲು ಶೂ ನೋಡಿದರು, ಆಮೇಲೆ ಸರೋಜಮ್ಮನವರ ಮುಖ. ಅನಘಾ ಫ್ರೆಂಚಿನಲ್ಲಿ ಹೇಳತೊಡಗಿದಳು. ಎಷ್ಟು ಹೇಳಿದಳೋ, ಹೇಗೆ ಹೇಳಿದಳೋ ನನಗೆ ಗೊತ್ತಿಲ್ಲ. ನಡುವೆ ಅವರು ಒಮ್ಮೆ ಫೋಟೋ ಕಡೆಗೆ, ಒಮ್ಮೆ ನೆಲದ ಕಡೆಗೆ ತಿರುಗಿ ನೋಡಿದರು. ಕೈ ಚಾಚಿ ಶೂಗಳನ್ನು ತೆಗೆದುಕೊಂಡು, ಕಪ್ಪು ಬಟ್ಟೆಯ ಮೇಲೆ ಮೊದಲಿದ್ದ ಹಾಗೆ ಇಟ್ಟರು. ಸರೋಜಮ್ಮನವರು ಹೊಸ್ತಿಲ ಹೊರಗಿನಿಂದಲೇ ಬಗ್ಗಿ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು.

"ಗುಂಪುಗಳು ಇನ್ನು ಬೇಡ," ಎಂದರು ಲೂಸಿಯಾನ್ ಇಂಗ್ಲಿಷಿನಲ್ಲಿ. ಬಹಳ ಮೆಲ್ಲಗೆ. "ನೀವು ಮೂವರು ಒಳಗೆ ಬನ್ನಿ. ಈ ಇಬ್ಬರು ಅಂದು ಕೊನೆಯ ಕೋಣೆಯನ್ನು ಪೂರ್ತಿ ನೋಡಲಿಲ್ಲ."

ಒಳಗೆ ಬಂದೆವು. ಬಾಗಿಲು ಹಾಕಲು ಹೋದವರು ಅಲ್ಲೇ ನಿಂತರು. ಓಣಿಯಲ್ಲಿ ನಮ್ಮ ಚಪ್ಪಲಿಗಳಿದ್ದವು. ಅಭ್ಯಾಸ, ಬಿಟ್ಟೇ ಬಂದಿದ್ದೆವು. ಅವರು ಒಂದು ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದು, ಕಷ್ಟಪಟ್ಟು ಬಗ್ಗಿ, ಸರೋಜಮ್ಮನವರ ಚಪ್ಪಲಿಯನ್ನು ಕೈಗೆತ್ತಿಕೊಂಡರು.

"ಅಯ್ಯೋ, ಅಯ್ಯೋ! ನನ್ ಮೆಟ್ಟು ಮುಟ್ಬೇಡಿ ಅನ್ನೇ ಅವ್ರಿಗೆ! ದೊಡ್ಡೋರು!" ಸರೋಜಮ್ಮನವರು ಕೂಗಿದರು.

ಅನಘಾ ಹೇಳುವಷ್ಟರಲ್ಲಿ ಅವರು ಆ ಚಪ್ಪಲಿಯನ್ನು ಒಳಗೆ ತಂದು ಫೋಟೋದ ಮುಂದೆ, ಹೂವಿನ ಕೆಳಗೆ, ಆಕೆಯ ಶೂಗಳ ಪಕ್ಕದಲ್ಲಿ ಜೋಡಿಸಿ ಇಟ್ಟಿದ್ದರು. ನನ್ನದನ್ನೂ ತಂದರು, ಅನಘಾಳದನ್ನೂ ತಂದರು. "ಹೊರಗಿದ್ದರೆ ಕಳೆದುಹೋಗುತ್ತವೆ," ಎಂದರು. ಅವರ ಮುಖದಲ್ಲಿ ವ್ಯಂಗ್ಯ ಹುಡುಕಿದೆ. ಇರಲಿಲ್ಲ.

ಒಳಕೋಣೆಯಲ್ಲಿ ರೆಕಾರ್ಡಿಗೆ ಮುಳ್ಳು ಇಳಿಸಿ ಬಂದು ಅವರು ಗೋಡೆಯ ಸ್ವಿಚ್ಚು ಒತ್ತಿದರು. ಬೆಳಕಿನ ವೃತ್ತದಲ್ಲಿ ಆ ಗೇಣುದ್ದದ ಕಪ್ಪು ಶೂಗಳು, ಪಕ್ಕದಲ್ಲಿ ಸರೋಜಮ್ಮನವರ ಅಗಲ ಪಾದದ, ಹೆಬ್ಬೆರಳಿನ ಗುರುತು ಬಿದ್ದ ಕಂದು ಚಪ್ಪಲಿ. ಹಾಡು ಶುರುವಾಯಿತು. ತಮ್ಮ ಚಪ್ಪಲಿಯನ್ನು ಅಲ್ಲಿಂದ ಎತ್ತಲು ಸರೋಜಮ್ಮನವರ ಕೈ ಎರಡು ಸಲ ಮುಂದೆ ಹೋಯಿತು, ಎರಡು ಸಲವೂ ಹಿಂದೆ ಬಂತು. ಕೊನೆಗೆ ಎರಡೂ ಕೈಯನ್ನು ಸೆರಗಿನೊಳಗೆ ಬಿಗಿಯಾಗಿ ಕಟ್ಟಿಕೊಂಡು, ತಮ್ಮ ಚಪ್ಪಲಿಯನ್ನೇ ನೋಡುತ್ತ, ಹಾಡು ಮುಗಿಯುವವರೆಗೂ ಅಲುಗಾಡದೆ ನಿಂತರು.